ಆರುಮುಗಂ ಅವರೂ ದಾರಿ ತೋರಿಸುವ ಪೆಟ್ಟಿಗೆಯೂ

ದಾರಿ ಕೇಳಿದ್ದಕ್ಕೆ ಒಬ್ಬ ಅಪರಿಚಿತ ನನ್ನ ಕಾರಿನ ಬಾಗಿಲು ತೆಗೆದು ಒಳಗೆ ಬಂದು ಕುಳಿತ. ಭದ್ರಾವತಿಯಲ್ಲಿ ಅದು ನನ್ನ ಮೊದಲ ದಿನ. ಗಾಜು ಇಳಿಸಿ, "ಆರುಮುಗಂ ಅವರ ಮನಿ ಎಲ್ಲಿ ಬರತೈತ್ರಿ?" ಎಂದಿದ್ದೆ, ಅಷ್ಟೆ.

"ಲಾರಿ ಆರುಮುಗಂ ತಾನೆ? ನಡೀರಿ, ತೋರಿಸ್ತೀನಿ," ಎಂದವನು ತನ್ನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡ. ನಾನು ಗಾಬರಿಯಿಂದ ಗಾಡಿ ಬಿಟ್ಟೆ. ಒಂದು ಕಡೆ ನಿಲ್ಲಿಸಲು ಹೇಳಿ ಹಾಲು ಕೊಂಡ, ಇನ್ನೊಂದು ಕಡೆ ಇಸ್ತ್ರಿಗೆ ಕೊಟ್ಟ ಬಟ್ಟೆ ಈಸಿಕೊಂಡ. ನಡುವೆ, "ಪಾಪ, ಲಕ್ವ ಹೊಡೆದ ಮೇಲೆ ಮಾತೇ ನಿಂತೋಗಿದೆ ಅವ್ರಿಗೆ, ಮೇಡಂ," ಎಂದು ನನ್ನ ರೋಗಿಯ ಚರಿತ್ರೆಯನ್ನೆಲ್ಲ ಒಪ್ಪಿಸಿದ. ನಾನು ಮನೆ ತಲುಪಿದಾಗ ಅರ್ಧ ಗಂಟೆ ತಡವಾಗಿತ್ತು.

ನಮ್ಮ ಬಿಜಾಪುರದವರಿಗೆ ಇದು ಕಟ್ಟುಕತೆ ಎನ್ನಿಸಬಹುದು. ನಮ್ಮಲ್ಲಿ ದಾರಿ ಕೇಳುವ ಅಗತ್ಯವೇ ಕಡಿಮೆ. ಬಯಲು ನೆಲ, ಎಲ್ಲಿ ನಿಂತರೂ ಗೋಲಗುಮ್ಮಟ ಕಾಣುತ್ತದೆ. ಗುಮ್ಮಟ ಎಡಕ್ಕೆ ಇಟ್ಟುಕೊಂಡು ಹೋಗ್ರಿ ಎಂದರೆ ಮುಗಿಯಿತು. ಇಲ್ಲಿ ಮರ, ತೋಟ, ತಿರುವು. ದೂರದ್ದು ಯಾವುದೂ ಕಾಣುವುದಿಲ್ಲ, ಹಾಗಾಗಿ ಊರಿನ ಗುರುತುಗಳೆಲ್ಲ ಜನರೇ. ಮನೆಯ ನಂಬರು ಕೇಳಿದರೆ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. ಯಾರ ಮನೆ, ಯಾಕೆ, ನೀವು ಯಾರ ಕಡೆಯವರು, ಇಷ್ಟು ಹೇಳಿದರೆ ದಾರಿ ಸಿಗುತ್ತದೆ.

ಎರಡು ಸಾವಿರದ ಎಂಟರಲ್ಲಿ ನಾನು ಶಿವಮೊಗ್ಗಕ್ಕೆ ಬಂದದ್ದು ಒಂದು ಆಸ್ಪತ್ರೆಯ ಫಿಸಿಯೋಥೆರಪಿ ಕೆಲಸಕ್ಕೆ. ಮನೆ ಬಿಟ್ಟು ಹೊರಡಲಾಗದ ರೋಗಿಗಳ ಬಳಿ ನಾನೇ ಹೋಗಿ ಕೈಕಾಲಿಗೆ ವ್ಯಾಯಾಮ ಮಾಡಿಸಬೇಕು. ಆಲ್ಕೊಳ ಬಡಾವಣೆಯಲ್ಲಿ ಮಹಡಿಯ ಮೇಲಿನ ಎರಡು ಕೋಣೆ ಬಾಡಿಗೆಗೆ ಸಿಕ್ಕವು. ಒಬ್ಬಳೇ ಇರುತ್ತೇನೆ ಎಂದಾಗ ಮನೆಯ ಒಡತಿ, "ಒಬ್ಳೇನಾ ಮಾರಾಯ್ತಿ?" ಎಂದರು. ಬೈದರೆಂದೇ ತಿಳಿದೆ. 'ಮಾರಾಯ್ತಿ' ಇಲ್ಲಿ ಸಲುಗೆಯ ಕರೆ. ನಮ್ಮಲ್ಲಿ 'ಯವ್ವಾ' ಎಂದಂತೆ. ಗೊತ್ತಾಗಲು ವಾರ ಹಿಡಿಯಿತು. ಊಟಕ್ಕೆ ಹೊಂದಿಕೊಳ್ಳಲು ಅದಕ್ಕಿಂತ ಹೆಚ್ಚು ದಿನ ಬೇಕಾಯಿತು. ನಮ್ಮಲ್ಲಿ ಶೇಂಗಾ ಪುಡಿ ಬೀಳುವಲ್ಲೆಲ್ಲ ಇಲ್ಲಿ ತೆಂಗಿನಕಾಯಿ ಬೀಳುತ್ತದೆ. ಸಂಜೆ ಬಂದು ಒಬ್ಬಳೇ ರೊಟ್ಟಿ ತಟ್ಟುವಾಗ ಬೇಸರವಾಗುತ್ತಿತ್ತು.

ನನ್ನ ಚಿಂತೆಯೆಲ್ಲ ಆರುಮುಗಂ ಅವರದಾಗಿತ್ತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಲಾರಿ ಓಡಿಸಿ ನಿವೃತ್ತರಾದವರು. ಕಬ್ಬಿಣ ಹೇರಿಕೊಂಡು ನಮ್ಮ ಬಿಜಾಪುರದವರೆಗೂ ಹೋಗಿ ಬಂದವರಂತೆ. ಈಗ ಬಲಗೈ ಬಲಗಾಲು ಸೋತು, ನ್ಯೂಟೌನಿನ ಮನೆಯಲ್ಲಿ ಗೋಡೆ ನೋಡುತ್ತ ಕುಳಿತಿರುತ್ತಿದ್ದರು. ಕಾಲು ನಿಧಾನವಾಗಿ ಸುಧಾರಿಸುತ್ತಿತ್ತು. ಬಾಯಿಂದ ಮಾತ್ರ 'ಆ' ಎಂಬುದರ ಹೊರತು ಏನೂ ಬರುತ್ತಿರಲಿಲ್ಲ. ಬರುವುದಿದ್ದರೆ ಮೊದಲ ಕೆಲವು ತಿಂಗಳಲ್ಲೇ ಹೆಚ್ಚು ಬರಬೇಕು ಎಂದು ಡಾಕ್ಟರು ಹೇಳಿದ್ದರು. ನಾಲ್ಕು ತಿಂಗಳು ಕಳೆದಿತ್ತು.

"ಕಾಲು ಬರ್ದಿದ್ರೂ ಪರವಾಗಿಲ್ಲಮ್ಮ," ಎಂದರು ಒಂದು ದಿನ ಅವರ ಹೆಂಡತಿ ಕಮಲಮ್ಮ. "ಮೂವತ್ತು ವರ್ಷ ದಿನಾ ನನ್ನ ಬೈದೋರು. ಈಗ ಒಂದ್ಸಲ ಬೈದ್ರೂ ಸಾಕು ನಂಗೆ."

ಮಾತು ನನ್ನ ಕೆಲಸವಲ್ಲ, ಅದಕ್ಕೆ ಬೇರೆಯವರಿದ್ದಾರೆ ಎಂದು ಹೇಳಿದೆ. ಹೇಳಿದ್ದು ನಿಜವೇ ಆಗಿತ್ತು, ಆದರೂ ನಾಚಿಕೆಯಾಯಿತು.

ನನ್ನ ಕೈಲಿದ್ದದ್ದು ಒಂದೇ, ಹೊತ್ತಿಗೆ ಸರಿಯಾಗಿ ಹೋಗುವುದು. ಅದೇ ಆಗುತ್ತಿರಲಿಲ್ಲ. ಹೊಳೆಹೊನ್ನೂರಿನಲ್ಲಿ ಹೊಸ ರೋಗಿಯ ಮನೆಗೆ ದಾರಿ ಕೇಳಿದರೆ ಜನ ಕಾಫಿ ಕುಡಿಸದೆ ಬಿಡುತ್ತಿರಲಿಲ್ಲ. ಕೊನೆಯ ಮನೆ ಭದ್ರಾವತಿಯದು, ತಡವೆಲ್ಲ ಆರುಮುಗಂ ಅವರ ಪಾಲಿಗೆ ಬೀಳುತ್ತಿತ್ತು. ಹಾಗಾಗಿ ಯಾರನ್ನೂ ಕೇಳದೆ ಊರು ತಿರುಗುವ ಉಪಾಯ ಹುಡುಕಿದೆ. ಕಾರಿನ ಗಾಜಿಗೆ ಅಂಟಿಸುವ, ಉಪಗ್ರಹ ನೋಡಿ ದಾರಿ ಹೇಳುವ ಜಿಪಿಎಸ್ ಪೆಟ್ಟಿಗೆಗಳು ಆಗಷ್ಟೇ ಅಂಗಡಿಗಳಿಗೆ ಬರುತ್ತಿದ್ದವು.

ನೆಹರೂ ರಸ್ತೆಯ ಅಂಗಡಿಯಲ್ಲಿ ಎರಡೇ ಇದ್ದವು. ದೊಡ್ಡದರ ಪರದೆ ಅಗಲ, ನಕ್ಷೆ ಹೊಸದು. ಸಣ್ಣದು ಅಂಗೈಯಷ್ಟು, ನಕ್ಷೆ ಹಳೆಯದು. ಮರದ ನೆರಳು ಬಿದ್ದರೆ ಎಲ್ಲಿದ್ದೇವೆ ಎಂಬುದನ್ನೇ ಮರೆಯುತ್ತಿತ್ತು. ಎರಡರೊಳಗೂ ಇಂಗ್ಲಿಷಿನಲ್ಲಿ ಮಾತಾಡುವ ಒಬ್ಬ ಹೆಂಗಸು.

"ದೊಡ್ಡದೇ ತಗೊಳ್ಳಿ ಮೇಡಂ," ಎಂದರು ಅಂಗಡಿಯ ಸಾಹೇಬರು. "ಅನುಮಾನ ಇದ್ರೆ ಎರಡೂ ಒಯ್ದು ಒಂದು ವಾರ ನೋಡಿ. ಬೇಡದ್ದು ವಾಪಸ್ ಕೊಡಿ. ನೀವು ಎಲ್ಲಿಗೆ ಓಡೋಗ್ತೀರಾ?"

ಪರಿಚಯವಿಲ್ಲದ ಹೆಣ್ಣುಮಗಳ ಕೈಗೆ ಎರಡೂ ಕೊಟ್ಟು ಕಳಿಸಿದರು. ಮೂರು ದಿನ ದೊಡ್ಡದನ್ನು ಅಂಟಿಸಿಕೊಂಡೆ. ಎಲ್ಲ ಕಡೆಗೂ ಹೊತ್ತಿಗೆ ಸರಿಯಾಗಿ ತಲುಪಿದೆ. ಯಾರೂ ಕಾರು ಹತ್ತಲಿಲ್ಲ, ಯಾರೂ ನೀವು ಯಾರ ಕಡೆಯವರು ಎಂದು ಕೇಳಲಿಲ್ಲ. ಮೂರನೆಯ ಸಂಜೆ ಮನೆಗೆ ಬಂದಾಗ, ರೋಗಿಗಳನ್ನು ಬಿಟ್ಟರೆ ಇಡೀ ದಿನ ಯಾರೊಂದಿಗೂ ಮಾತಾಡಿಲ್ಲ ಎಂಬುದು ಗಮನಕ್ಕೆ ಬಂತು. ಆದರೂ ದೊಡ್ಡದನ್ನೇ ಇಟ್ಟುಕೊಳ್ಳುವುದೆಂದು ತೀರ್ಮಾನಿಸಿದೆ.

ನಾಲ್ಕನೆಯ ದಿನ, ಲೆಕ್ಕಕ್ಕಿರಲಿ ಎಂದು ಸಣ್ಣದನ್ನು ಅಂಟಿಸಿದೆ. ಅಂದು ಆರುಮುಗಂ ಅವರನ್ನು ಶಿವಮೊಗ್ಗದ ಡಾಕ್ಟರಿಗೆ ತೋರಿಸಬೇಕಿತ್ತು. ನನ್ನ ಕಾರಿನಲ್ಲೇ ಬನ್ನಿ ಎಂದೆ. ಕಾಲು ಚಾಚಲು ಅನುಕೂಲವೆಂದು ಅವರನ್ನು ಮುಂದೆ ಕೂರಿಸಿದೆವು. ಕಮಲಮ್ಮ ಹಿಂದೆ ಕುಳಿತರು. ಲಕ್ವ ಹೊಡೆದ ಮೇಲೆ ಆರುಮುಗಂ ಗಾಡಿಯ ಮುಂದಿನ ಸೀಟಿನಲ್ಲಿ ಕುಳಿತದ್ದು ಅದೇ ಮೊದಲು. ಎಡಗೈಯಲ್ಲಿ ಗೇರಿನ ಹಿಡಿಕೆಯನ್ನೊಮ್ಮೆ ಸವರಿದರು.

ಎರಡು ಬೀದಿ ದಾಟುತ್ತಲೇ ಪೆಟ್ಟಿಗೆಯ ಹೆಂಗಸು, "ಟರ್ನ್ ಲೆಫ್ಟ್," ಎಂದಳು. ನಾನು ಇಂಡಿಕೇಟರ್ ಹಾಕಿದೆ.

ಆರುಮುಗಂ ಎಡಗೈಯಿಂದ ಡ್ಯಾಶ್‌ಬೋರ್ಡಿಗೆ ಬಡಿದರು. "ಆ... ಆ..." ಎಂದರು. ನೋವೇನೋ ಎಂದು ಅವರ ಮುಖ ನೋಡಿದೆ. ನೋವಲ್ಲ, ಕೆಂಡದಂಥ ಸಿಟ್ಟು. ಪೆಟ್ಟಿಗೆ ಮತ್ತೆ, "ಟರ್ನ್ ಲೆಫ್ಟ್," ಎಂದಿತು.

"ಬೇಡ!" ಎಂದರು ಆರುಮುಗಂ. "ಗೇಟು... ಬೀಗ!"

ನಾನು ರಸ್ತೆಯ ಪಕ್ಕಕ್ಕೆ ಗಾಡಿ ನಿಲ್ಲಿಸಿದೆ. ಎಡಕ್ಕಿದ್ದದ್ದು ಕಾರ್ಖಾನೆಯ ಕಾಲೊನಿಯ ಹಳೆಯ ಗೇಟು. ಅದಕ್ಕೆ ಬೀಗ ಬಿದ್ದು ವರ್ಷಗಳಾಗಿದ್ದವು, ನಕ್ಷೆಗೆ ಮಾತ್ರ ಗೊತ್ತಿರಲಿಲ್ಲ. ನಿಂತದ್ದಕ್ಕೆ ಪೆಟ್ಟಿಗೆ ಹೊಸ ದಾರಿ ಹುಡುಕುತ್ತ, ಹಟ ಬಿಡದೆ ಮತ್ತೆ ಎಡಕ್ಕೇ ಹೋಗೆಂದಿತು.

"ಬಾಯ್ಮುಚ್ಚು!" ಎಂದರು ಆರುಮುಗಂ.

ಹಿಂದಿನಿಂದ ಕಮಲಮ್ಮ, "ಅಯ್ಯೋ ದೇವ್ರೇ, ಬೈದ್ರು! ಬೈದ್ರಮ್ಮಾ!" ಎಂದು ನನ್ನ ಭುಜ ಹಿಡಿದು ಅಲುಗಿಸಿದರು. ಅವರು ಅಳುತ್ತಿದ್ದರು. ರೋಗಿಗಳ ಮುಂದೆ ಅಳಬಾರದೆಂಬುದು ನಮ್ಮ ಕಸುಬಿನ ಮೊದಲ ಪಾಠ. ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ.

ಡಾಕ್ಟರಿಗೆ ಅಷ್ಟೇನೂ ಅಚ್ಚರಿಯಾಗಲಿಲ್ಲ. ಸಿಟ್ಟಿನ ಮಾತು, ರೂಢಿಯ ಮಾತು ಕೆಲವರಲ್ಲಿ ಮೊದಲು ಬರುತ್ತವೆ, ಅದನ್ನೇ ಹಿಡಿದು ಮಾತಾಡಿಸಿ ಎಂದರು. ಶನಿವಾರ ನಾನು ದೊಡ್ಡ ಪೆಟ್ಟಿಗೆಯನ್ನು ಅಂಗಡಿಗೆ ಹಿಂದಿರುಗಿಸಿದೆ.

ಸಾಹೇಬರು ಕನ್ನಡಕ ಏರಿಸಿದರು. "ಸಣ್ಣದು ತಪ್ಪು ತೋರಿಸುತ್ತೆ ಮೇಡಂ. ನಾನೇ ಹೇಳ್ತಿದ್ದೀನಿ."

"ಅದಕ್ಕೇ ಬೇಕಾಗೈತ್ರಿ," ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ ಬಿಲ್ಲು ಬರೆದರು.

ಆಮೇಲೆ ವಾರಕ್ಕೆರಡು ದಿನ, ವ್ಯಾಯಾಮ ಮುಗಿದ ಬಳಿಕ ಮೂವರೂ ಭದ್ರಾವತಿ ಸುತ್ತುತ್ತಿದ್ದೆವು. ಪೆಟ್ಟಿಗೆ ತಪ್ಪುವ ಬೀದಿಗಳನ್ನೇ ಹುಡುಕಿ ಹೋಗುತ್ತಿದ್ದೆ. ಮೊದಲು ಎಡ, ಬಲ. ನಂತರ ನೇರ, ನಿಲ್ಸಿ. ಆಮೇಲೆ ಯಾರ ಮನೆ, ಯಾರು ಸತ್ತರು, ಯಾರ ಮಗಳ ಮದುವೆಯಾಯಿತು. ಗಂಟಲಲ್ಲಿ ಸಿಕ್ಕಿ, ತೊದಲಿ, ಅರ್ಧ ತಮಿಳಿನಲ್ಲಿ. ಒಂದು ದಿನ ಪೆಟ್ಟಿಗೆಯತ್ತ ಬೆರಳು ತೋರಿಸಿ, "ಮೇಡಂ... ಇವಳು ಮುಟ್ಟಾಳ್. ಬೇರೆ... ತಗೊಳ್ಳಿ," ಎಂದರು. ಮುಟ್ಟಾಳ್ ಎಂದರೆ ತಮಿಳಿನಲ್ಲಿ ದಡ್ಡರು. ಗುಟ್ಟು ಅವರಿಗೆ ಗೊತ್ತಾಗಿತ್ತೋ ಇಲ್ಲವೋ, ನಾನು ಕೇಳಲಿಲ್ಲ. ಉಳಿದ ಊರುಗಳಲ್ಲಿ ಹಿಂದಿನಂತೆ ಗಾಜು ಇಳಿಸಿ ಜನರನ್ನೇ ಕೇಳತೊಡಗಿದೆ. ಮನೆಯಿಂದ ಅರ್ಧ ಗಂಟೆ ಮೊದಲೇ ಹೊರಟರೆ ಕಾಫಿಗೂ ಹೊತ್ತು ಸಿಗುತ್ತದೆ ಎಂಬುದನ್ನು ಅಷ್ಟರಲ್ಲಿ ಕಲಿತಿದ್ದೆ.

ಎಳ್ಳಮಾವಾಸ್ಯೆಗೆ ಕಾರು ತಗೊಂಡು ಬಿಜಾಪುರಕ್ಕೆ ಬಂದೆ. ಹೊಲದಲ್ಲಿ ಎಲ್ಲರೂ ಸಾಲಾಗಿ ಕುಳಿತು ಸಜ್ಜೆ ರೊಟ್ಟಿ, ಸೊಪ್ಪು ಕಾಳಿನ ಭಜ್ಜಿ ಉಣ್ಣುತ್ತಿದ್ದೆವು. ಎಷ್ಟೋ ತಿಂಗಳ ಮೇಲೆ ನನ್ನ ನಾಲಿಗೆಗೆ ನನ್ನ ರುಚಿ ಸಿಕ್ಕಿತ್ತು. ಕಣ್ಣೆತ್ತಿದರೆ ಬಯಲು, ದೂರದ ಮನುಷ್ಯನೂ ಕಾಣುತ್ತಿದ್ದ. ಬಿಜಾಪುರದ ಆಸ್ಪತ್ರೆಯೊಂದರಲ್ಲಿ ಕೆಲಸ ಖಾಲಿ ಇದೆಯೆಂದು ಅವ್ವ ಎರಡನೆಯ ಸಲ ಹೇಳುತ್ತಿದ್ದಳು. ಆಗ ಫೋನು ಬಂತು. ನಂಬರು ಕಮಲಮ್ಮನವರದು, ದನಿ ಅವರದಲ್ಲ.

"ಮೇಡಂ... ಯಾವಾಗ?"

ಲಕ್ವ ಹೊಡೆದ ಮೇಲೆ ಆರುಮುಗಂ ಫೋನಿನಲ್ಲಿ ಮಾತಾಡಿದ್ದು ಅದೇ ಮೊದಲು. ನಾಡಿದ್ದು ಹೊರಡ್ತೀನಿ ಎಂದೆ.

"ಹೊಸಪೇಟೆ," ಎಂದು ಶುರುಮಾಡಿದರು. ನಾನು ಕಾದೆ. "ಹರಪನಹಳ್ಳಿ... ಹರಿಹರ... ಹೊನ್ನಾಳಿ." ಪ್ರತಿ ಊರಿಗೂ ಲಾರಿ ಏರು ಹತ್ತಿದಷ್ಟು ಹೊತ್ತು. "ಹೊನ್ನಾಳಿ ಆದ್ಮೇಲೆ... ನೇರ. ಆ ಮುಟ್ಟಾಳ್... ಮಾತು ಕೇಳ್ಬೇಡಿ. ಜೋಪಾನ... ಮನೆಗೆ ಬನ್ನಿ."

"ಬರ್ತೀನಿ," ಎಂದು ಫೋನು ಇಟ್ಟೆ.

ಅವ್ವನಿಗೆ ದನಿ ಕೇಳಿಸಿತ್ತು. "ಯಾರವಾ ಅವರು?" ಎಂದಳು. "ನೀ ಮನಿಗಿ ಬಂದೀದಿ ಅಲ್ಲ? ಮತ್ತ ಯಾ ಮನಿಗಿ ಕರ್ಯಾಕತ್ತಾರ?"

ದಾರಿ ಕೇಳಿದರೆ ಇಲ್ಲಿಯೂ ಹೇಳಬಲ್ಲೆ, ಅಲ್ಲಿಯೂ ಹೇಳಬಲ್ಲೆ. ಅವ್ವ ಕೇಳಿದ್ದಕ್ಕೆ ಮಾತ್ರ 'ಆ...' ಎಂದು ಇನ್ನೊಂದು ರೊಟ್ಟಿಗೆ ಕೈ ಚಾಚಿದೆ.