ಕಿರುಬೆರಳಿನ ಬಣ್ಣ

ನಾನು ಚಿಕ್ಕವನಿದ್ದಾಗ ಬನಹಟ್ಟಿಯ ನಮ್ಮ ಓಣಿಯಲ್ಲಿ ಯಾರ ಕೈ ನೋಡಿದರೂ ಬಣ್ಣವಿರುತ್ತಿತ್ತು. ಅಪ್ಪ ಹಿತ್ತಲಲ್ಲಿ ನೂಲಿಗೆ ಬಣ್ಣ ಹಾಕುತ್ತಿದ್ದ. ಕುದಿಯುವ ಆ ನೀರಿನ ವಾಸನೆ ರೊಟ್ಟಿಗೂ ಹತ್ತುತ್ತಿತ್ತು. ಅಷ್ಟು ಬಣ್ಣದ ನಡುವೆ ಇದ್ದೂ ನಾನು ಹೊಟ್ಟೆಕಿಚ್ಚುಪಟ್ಟದ್ದು ತಮ್ಮನ ಕಿರುಬೆರಳಿನ ಒಂದೇ ಒಂದು ಚುಕ್ಕೆಗೆ.

ಅದು ಪೋಲಿಯೊ ಹನಿ ಹಾಕಿದ ಗುರುತು. ಐದು ತುಂಬದ ಮಕ್ಕಳಿಗೆ ಮಾತ್ರ. ನನಗೆ ಏಳು. ತಮ್ಮ ಆ ಬೆರಳನ್ನು ಎತ್ತಿ ಹಿಡಿದೇ ಉಣ್ಣುತ್ತಿದ್ದ. ಮನೆಗೆ ಬಂದವರೆಲ್ಲ ಬೆರಳು ನೋಡಿ ಅವನ ಗಲ್ಲ ಹಿಂಡುತ್ತಿದ್ದರು. ನನ್ನ ಗಲ್ಲವೂ ಪಕ್ಕದಲ್ಲೇ ಇತ್ತು, ಯಾರಿಗೂ ಕಾಣಲಿಲ್ಲ.

ಕೆಲವು ವಾರಗಳಲ್ಲಿ ಚುಕ್ಕೆ ಮಾಸಿತು. ನಾನು ಹಿಗ್ಗುವಷ್ಟರಲ್ಲಿ ಎರಡನೆಯ ಹನಿಯ ಭಾನುವಾರ ಬಂತು. ನಮ್ಮಿಬ್ಬರನ್ನೂ ಹನಿ ಹಾಕುವ ಶಾಲೆಗೆ ಕರೆದೊಯ್ಯಲು ಅಕ್ಕ ತಲೆ ಬಾಚಿಕೊಳ್ಳುತ್ತಿದ್ದಳು. ನಾನು ತಮ್ಮನನ್ನು ಹಿತ್ತಲಿಗೆ ಕರೆದು, ನೇರಳೆ ಬಣ್ಣದಲ್ಲಿ ಕಡ್ಡಿ ಅದ್ದಿ, ಅವನ ಉಗುರಿಗೆ ಮೊದಲಿನಂಥದೇ ಚುಕ್ಕೆ ಇಟ್ಟೆ. ಗುರುತಿದ್ದವರನ್ನು ಹನಿ ಹಾಕದೆ ವಾಪಸು ಕಳಿಸುತ್ತಾರೆಂದು ನನಗೆ ಗೊತ್ತಿತ್ತು. ನಾನಿಟ್ಟ ಚುಕ್ಕೆ ಒಂದೆರಡು ಸಲ ಕೈ ತೊಳೆದರೆ ಹೋಗಿ, ಅವನ ಬೆರಳೂ ನನ್ನದರಂತೆ ಬರಿದಾಗುತ್ತದೆ ಎಂಬುದೂ ಗೊತ್ತಿತ್ತು.

ಹಾಗೇ ಆಯಿತು. ನರ್ಸಬಾಯಿ ಬೆರಳು ನೋಡಿ, ಇವನದು ಆಗಿದೆಯಲ್ಲ ಅಂದರು. ಬೆಳಿಗ್ಗೆ ಅಪ್ಪನೇ ಕರೆತಂದಿರಬೇಕು ಎಂದುಕೊಂಡ ಅಕ್ಕ ಗೊಣಗುತ್ತ ತಿರುಗಿದಳು. ಹನಿ ಸಿಗದ ತಮ್ಮ ಅಳುತ್ತ ನಡೆದ. ನಾನು ರಾಜನಂತೆ ನಡೆದೆ.

ಪಡಸಾಲೆಯಲ್ಲಿ ಅಪ್ಪನ ತಮ್ಮ, ನಮ್ಮ ಕಾಕಾ, ಎಂದಿನಂತೆ ಕುಳಿತು ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಿದ್ದ. ಕೂಸಾಗಿದ್ದಾಗಲೇ ಪೋಲಿಯೊ ಬಂದು ಅವನ ಎರಡೂ ಕಾಲು ಸೊರಗಿದ್ದವು. ಮಗ್ಗ ತುಳಿಯಲು ಕಾಲು ಬೇಕು. ಕಾಕಾ ತಮ್ಮನ ಬೆರಳು ಹಿಡಿದು ನೋಡಿದ, ಮುಖವೆಲ್ಲ ಅರಳಿತು.

"ಹಾಕಿಸ್ಕೊಂಡ ಬಂದ್ಯಾ, ಸರದಾರ? ಇನ್ನ ಚಿಂತಿಲ್ಲ ಬಿಡು. ನೀ ಮಗ್ಗಾ ತುಳಿಯಾಂವ, ನಾ ಕಂಡಿಕಿ ಕೊಡಾಂವ."

ನನ್ನ ಹೊಟ್ಟೆಯೊಳಗಿನ ಕಿಚ್ಚು ಒಮ್ಮೆಲೇ ಆರಿತು. ಆ ಜಾಗಕ್ಕೆ ಬಂದು ಕುಳಿತ ಭಯ ಇನ್ನೂ ಎದ್ದು ಹೋಗಿಲ್ಲ.

ತಮ್ಮನನ್ನು ಸೊಂಟಕ್ಕೇರಿಸಿಕೊಂಡು ಓಡಿದೆ. ನರ್ಸಬಾಯಿ ಹನಿಯ ಡಬ್ಬಿ ಮುಚ್ಚುತ್ತಿದ್ದರು. ನಾನು ಅವನ ಬೆರಳಿಗೆ ಉಗುಳು ಹಚ್ಚಿ ತಿಕ್ಕಿದೆ. ಬಣ್ಣ ಇಳಿಯಿತು.

"ನಾನ ಹಚ್ಚಿದ್ದರೀ," ಅಂದೆ.

ಅವರು ಬೈಯಲಿಲ್ಲ, ಬೈದಿದ್ದರೆ ಹಗುರಾಗುತ್ತಿತ್ತು. ತಮ್ಮನ ಬಾಯಿಗೆ ಎರಡು ಹನಿ ಬಿಟ್ಟು, "ಈ ಹನಿ ಮೈಗೆ ರೋಗದ ಗುರ್ತಾ ಹಿಡಿಸ್ತೈತಿ. ಪದೇ ಪದೇ ಹಾಕಿದ್ರ ಮೈ ಮರಿಯೂದಿಲ್ಲ, ರೋಗ ಬಂದ್ರ ತಡೀತೈತಿ. ಓಣ್ಯಾಗ ಒಂದ ಕೂಸು ಬಿಟ್ರೂ ರೋಗಕ್ಕ ಒಂದ ಬಾಗಲಾ ತಗದಂಗ. ತಿಳೀತೇನಪಾ?" ಅಂದರು.

ತಿಳಿಯಿತು. ಆದರೂ ನಾಚಿಕೆಯಿಲ್ಲದೆ ನನ್ನ ಕಿರುಬೆರಳನ್ನೂ ಚಾಚಿದೆ. ಅವರು ಅದನ್ನು ಮೆಲ್ಲಗೆ ಮಡಚಿಬಿಟ್ಟರು.

ಮಕ್ಕಳೇ, ಅಂದು ಗೊಣಗುತ್ತ ತಿರುಗಿದ ಆ ನನ್ನ ಅಕ್ಕನೇ ನಿಮ್ಮ ಅಜ್ಜಿ. ಹಾಗಾಗಿ ತಲೆ ಪೂರ್ತಿ ನೆರೆಯುವ ಮೊದಲೇ ನಾನೂ ಅಜ್ಜನಾದೆ. ತಮ್ಮ ಈಗ ಪವರ್‌ಲೂಮ್‌ಗಳ ನಡುವೆ ದಿನವಿಡೀ ಓಡಾಡುತ್ತಾನೆ. ಅವನು ಸ್ವಲ್ಪ ಎಡವಿದರೂ ನನ್ನ ಕಣ್ಣು ಮೊದಲು ಅವನ ಕಾಲಿಗೆ ಹೋಗುತ್ತದೆ. ನಿಮಗೋ ಹುಟ್ಟಿದಾಗಿನಿಂದ ಹನಿ, ಚುಚ್ಚುಮದ್ದು. ಕಾರ್ಡಿನ ತುಂಬ ಗುರುತು. ಅದಕ್ಕೂ ಓಣಿಗೆಲ್ಲ ಕೇಳುವಂತೆ ಅತ್ತವರು ನೀವು. ಮೊನ್ನೆ ಕಾಕಾನ ಫೋಟೊ ನೋಡಿ, "ಎಲ್ಲಾರೂ ನಿಂತಾರ, ಈ ಅಜ್ಜ ಒಬ್ಬನ ಯಾಕ ಕುಂತಾನ?" ಎಂದು ಕೇಳಿದಿರಿ. ನಾವು ಯಾರನ್ನೂ ಹಾಗೆ ಕೇಳಿದವರಲ್ಲ. ಹಾಗೆ ಕುಳಿತವರನ್ನು ದಿನಾ ನೋಡುತ್ತಿದ್ದೆವು. ಆ ಪ್ರಶ್ನೆ ಕೇಳಬಲ್ಲ ನಿಮ್ಮ ಬಾಲ್ಯ ಕಂಡರೆ ನನಗೆ ಮತ್ತೆ ಏಳು ವರ್ಷದವನಿದ್ದಾಗಿನಷ್ಟೇ ಹೊಟ್ಟೆಕಿಚ್ಚಾಗುತ್ತದೆ.