ಬಾವಿಗೆ ಬೆನ್ನು ಹಾಕಿ ತೆಗೆದ ಚಿತ್ರ

ವಾಂಬಾ ಪೇಟೆಯಲ್ಲಿ ಗುರುತಿನ ಚೀಟಿಗೆ ಮುಖಗಳ ಫೋಟೊ ತೆಗೆಯುತ್ತಿದ್ದ ಲೆಶೋರೆಯನ್ನು ನಮ್ಮ ಪ್ರವಾಸ ಪತ್ರಿಕೆಗೆ ಕರೆತಂದದ್ದು ಅವನ ಆನೆ ಚಿತ್ರಗಳು. ಆನೆ ಕಂಡರೂ ಅವನು ತಕ್ಷಣ ಕ್ಯಾಮೆರಾ ಎತ್ತುವವನಲ್ಲ. ಕೂತು ನೋಡುತ್ತಾನೆ. "ನೆಂಟರ ಮನೆಗೆ ಹೋಗಿ ಬಾಗಿಲಲ್ಲೇ ಊಟ ಕೇಳ್ತಾರೇನೋ?" ಎನ್ನುತ್ತಾನೆ. ಬರೆಯುವ ಕೆಲಸ ನನ್ನದು. ಇಬ್ಬರೂ ದನಗಾಹಿ ಸಂಬುರು ಬುಡಕಟ್ಟಿನವರು, ಮೇಕೆ ಕಾಯ್ದು ಬೆಳೆದವರು.

ನಮ್ಮ ಮುಖಪುಟದಲ್ಲಿ ಯಾವಾಗಲೂ ಸಿಂಹ. ಒಮ್ಮೆಯಾದರೂ ನಮ್ಮವರ ಹಾಡುವ ಬಾವಿ ಅಲ್ಲಿ ಬರಬೇಕೆಂದು ಈ ಬೇಸಿಗೆಯಲ್ಲಿ ಲೆಶೋರೆ ಹಟ ಹಿಡಿದ.

"ಶುಕ್ರವಾರದೊಳಗೆ ತಂದ್ರೆ ಹಾಕೋಣ. ಇಲ್ದಿದ್ರೆ ಸಿಂಹಾನೇ" ಎಂದರು ಸಂಪಾದಕಿ ಅಕೋತ್.

ಒಣಗಿದ ಹೊಳೆಯ ಮರಳಲ್ಲಿ ತೋಡಿದ ಬಾವಿಯೊಳಗೆ ಗಂಡಸರು ಬರಿಮೈಯಲ್ಲಿ ನಿಂತು, ಕೈಯಿಂದ ಕೈಗೆ ನೀರು ಸಾಗಿಸುತ್ತ ಹಾಡುತ್ತಾರೆ. ಒಂದೊಂದು ಮನೆತನಕ್ಕೆ ಒಂದೊಂದು ಹಾಡು. ತಮ್ಮ ಹಾಡು ಕೇಳಿದ ದನಗಳಷ್ಟೇ ಬಾನಿಯ ಕಡೆ ಬರುತ್ತವೆ. ಅಲ್ಲಿ ಕ್ಯಾಮೆರಾ ಕೂಡದು.

ಬಾವಿಯ ಹಿರಿಯ ಲೆಂಗೆಸ್ ಅಜ್ಜ ನಮ್ಮ ಕ್ಯಾಮೆರಾ ಚೀಲ ನೋಡಿಯೇ ನಕ್ಕು ಲೆಶೋರೆಯ ಕಡೆ ತಿರುಗಿದ. "ಏನೋ, ಹೋದ ಬೇಸಿಗೇಲಿ ನೀನೂ ಇಲ್ಲೇ ಬರಿಮೈಯಲ್ಲಿ ನೀರೆತ್ತಿದ್ಯಲ್ಲ. ಆಗ ಫೋಟೊ ಹಿಡಿದು ಊರೂರಿಗೆ ಹಂಚಿದ್ರೆ?"

"ಈ ಒಣಕಲು ಮೈನ ಯಾರು ನೋಡ್ತಿದ್ರು ಅಜ್ಜಾ?" ಎಂದ ಲೆಶೋರೆ.

"ಅದಕ್ಕೇ ಹೇಳೋದು, ನಮ್ಮ ಫೋಟೊ ತೆಗೆದ್ರೆ ಕಾಗದ ದಂಡ!"

ಬಾವಿಯೊಳಗಿಂದ ನಗು ಎದ್ದಿತು. ಒಪ್ಪಿಗೆ ಮಾತ್ರ ಸಿಗಲಿಲ್ಲ.

"ದಿಬ್ಬದ ಮೇಲಿಂದ ತೆಗೀರಿ, ಯಾರಿಗೆ ಗೊತ್ತಾಗತ್ತೆ?" ಎಂದರು ಅಕೋತ್ ಫೋನಿನಲ್ಲಿ.

"ನಾಳೆ ನಾನು ಇದೇ ಬಾವಿಗಿಳೀಬೇಕು ಮೇಡಂ" ಎಂದು ಲೆಶೋರೆ ಫೋನಿಟ್ಟ.

ಮರುದಿನ ಅವನು ನಿಜವಾಗಿಯೂ ಬಟ್ಟೆ ಕಳಚಿಟ್ಟು ಬಾವಿಗಿಳಿದ. ಸಂಜೆಯ ಸರದಿಗೆ ಮೊದಲು ಮೇಲೆ ಬಂದು, ಮೈಯ ಮರಳು ಒರೆಸಿಕೊಳ್ಳುತ್ತ ಕೇಳಿದ: "ಅಜ್ಜಾ, ಹಾಡೋರದು ಬೇಡ. ಕೇಳೋರ ಫೋಟೊ ತೆಗೀಲಾ?"

"ಯಾರು, ಹಸುಗಳದಾ? ಅವಕ್ಕೆ ಬಟ್ಟೆ ಯಾವಾಗ ಇತ್ತು? ತೆಗಿ ತೆಗಿ!"

ಲೆಶೋರೆ ಬಾವಿಗೆ ಬೆನ್ನು ಹಾಕಿ ನಿಂತ. ಒಳಗೆ ಅಜ್ಜನ ಮನೆಯ ಹಾಡು ಶುರುವಾಯಿತು. ಮಲಗಿದ್ದ ಮಂದೆಗಳ ನಡುವೆ ಅಲ್ಲೊಂದು ಇಲ್ಲೊಂದು ತಲೆ ಎದ್ದಿತು, ಕಿವಿಗಳು ಮುಂದೆ ಬಂದವು. ಹಿಂದೆ ಜಾಲಿ ಮರದ ನೆರಳಲ್ಲಿ, ಉಳಿದ ನೀರಿಗಾಗಿ ಆನೆಯೊಂದು ತನ್ನ ಸರದಿ ಕಾಯುತ್ತಿತ್ತು.

"ಬಾವಿ ಎಲ್ರೀ ಇದ್ರಲ್ಲಿ?" ಎಂದರು ಅಕೋತ್, ಕಚೇರಿಯಲ್ಲಿ ಚಿತ್ರ ನೋಡಿ. ಚಿತ್ರದಡಿ ಹಾಕಲು ಅಜ್ಜನ ಒಪ್ಪಿಗೆ ಪಡೆದು ನಾನು ಬರೆದುಕೊಂಡಿದ್ದ ಹಾಡನ್ನು ಓದಿ ಹೇಳಿದೆ. ಅವರು ಮತ್ತೊಮ್ಮೆ ಆ ಕಿವಿಗಳನ್ನು ನೋಡಿದರು. ಸಿಂಹ ಒಳಪುಟಕ್ಕೆ ಹೋಯಿತು.

ಪತ್ರಿಕೆ ತಲುಪಿಸಿದಾಗ ಅಜ್ಜ ಮುಖಪುಟದ ಮೇಲೆ ಬೆರಳಿಟ್ಟ. "ಇವಳು ನಮ್ಮ ಬೂದಿ ಹಸು. ಕಿವಿ ನೋಡು." ಸುತ್ತ ನೆರೆದವರ ಕಡೆ ತಿರುಗಿ ಎದೆ ಸೆಟೆಸಿದ. "ಇಲ್ಲಿ ಹಾಡ್ತಿರೋನು ನಾನು!"