ಎರಡನೆಯ ಚೀಲದ ಮಣ್ಣು

ಎರಡು ಚೀಲ ಮಣ್ಣು ತಂದಿದ್ದೆ. ಒಂದನ್ನು ಪರೀಕ್ಷಿಸಿ ವರದಿ ಬರೆದೆ. ಇನ್ನೊಂದನ್ನೂ ಪರೀಕ್ಷಿಸಿ — ಹಿತ್ತಿಲಿಗೆ ಸುರಿದೆ. ನಾನು ಮಾಡಿದ ತಪ್ಪು ಇಷ್ಟೇ. ಮರೆತು ಮಾಡಿದ್ದಲ್ಲ, ಯಾರೋ ಹೆದರಿಸಿ ಮಾಡಿಸಿದ್ದಲ್ಲ, ಲಂಚವನ್ನಂತೂ ಯಾರೂ ಕೊಟ್ಟಿರಲಿಲ್ಲ. ಕೊಟ್ಟಿದ್ದರೆ ಇಷ್ಟು ಹೇಸಿಗೆಯಾಗುತ್ತಿರಲಿಲ್ಲವೇನೋ — ಲಂಚಕೋರನಿಗೆ ತಾನು ಕಳ್ಳನೆಂಬುದಾದರೂ ಗೊತ್ತಿರುತ್ತದೆ. ನಾನು ನನ್ನನ್ನು ವಿಜ್ಞಾನಿ ಎಂದುಕೊಂಡಿದ್ದೆ.

ಅರವತ್ತರ ದಶಕದ ಮಾತು. ಆಗ ನಾನು ಮಣ್ಣು ಪರೀಕ್ಷೆಯ ಪ್ರಯೋಗಾಲಯವೊಂದರಲ್ಲಿ ಸಹಾಯಕ. ಜಯನಗರದಲ್ಲಿ ಬಾಡಿಗೆ ಮನೆ, ಒಂದು ಸೈಕಲ್ಲು, ಒಂದು ಟೈ. ಆ ಟೈ ಕಟ್ಟಿಕೊಂಡು ಸಹೋದ್ಯೋಗಿಗಳ ಮುಂದೆ ಒಂದು ಪ್ರಬಂಧ ಓದಿದ್ದೆ. ಊರ ಸುತ್ತ ಹೊಸದಾಗಿ ಹಬ್ಬುತ್ತಿದ್ದ ಬಿಳಿ ಹೂವಿನ ಪರದೇಶಿ ಕಳೆ, ಪಾರ್ಥೇನಿಯಂ — ಅದರ ಎಲೆ ಕೊಳೆತ ನೀರು ಮಣ್ಣಿಗಿಳಿದರೆ ಅವರೆ ಗಿಡದ ಬೇರಿನಲ್ಲಿ ಗಂಟು ಕಟ್ಟುವುದಿಲ್ಲ ಎಂಬುದು ನನ್ನ ವಾದ. ಆ ಗಂಟುಗಳಲ್ಲಿ ಕಣ್ಣಿಗೆ ಕಾಣದ ಜೀವಾಣುಗಳಿರುತ್ತವೆ. ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುವುದು ಅವೇ. ನನ್ನ ಕುಂಡಗಳಲ್ಲಿ ಈ ಮಾತು ನಿಜವೂ ಆಗಿತ್ತು. ಮೇಲಧಿಕಾರಿಗಳು ತಲೆದೂಗಿದರು. ಅವರು ಹೊಲಕ್ಕೆ ಕಾಲಿಟ್ಟು ಯಾವ ಕಾಲವಾಗಿತ್ತೋ — ಮಣ್ಣೆಂದರೆ ಅವರಿಗೆ ಬೂಟಿಗೆ ಅಂಟಿದ್ದನ್ನು ಒರೆಸಿ ಹಾಕುವ ಕೊಳೆ. ಅಂಥವರ ತಲೆದೂಗಾಟಕ್ಕೆ ನಾನು ಉಬ್ಬಿಹೋದೆ.

ಆ ಹೊತ್ತಿಗೇ ಅರೆಕೆರೆಯ ಮುನಿಯಪ್ಪ ನಮ್ಮ ಕಚೇರಿಗೆ ಬಂದು ನಿಂತ. ಎರಡು ವರ್ಷದಿಂದ ಅವನ ಅವರೆ ಹೂ ಬಿಡುವ ಮೊದಲೇ ಹಳದಿಯಾಗಿ ಸಾಯುತ್ತಿತ್ತು. ಇದ್ದದ್ದು ಅದೊಂದೇ ತುಂಡು ಹೊಲ, ಗಂಡಹೆಂಡಿರ ಊಟ ಅದರಿಂದಲೇ. ಜವಾನನನ್ನು ಕರೆದುಕೊಂಡು ನಾನೇ ನೋಡಲು ಹೋದೆ. ಹೊಲದ ಒಂದು ಮಗ್ಗುಲಲ್ಲಿ ಪಾರ್ಥೇನಿಯಂ ಸೊಂಟದೆತ್ತರ ಬೆಳೆದಿತ್ತು. ನೋಡಿ ನನಗೆ ಖುಷಿಯಾಯಿತು — ಹೌದು, ಖುಷಿ. ಒಬ್ಬನ ಅನ್ನ ಸಾಯುತ್ತಿರುವುದನ್ನು ಕಂಡು ನನ್ನ ಪ್ರಬಂಧಕ್ಕೆ ಸಾಕ್ಷಿ ಸಿಕ್ಕಿತೆಂದು ಹಿಗ್ಗಿದೆ.

ಇನ್ನೊಂದು ಮಗ್ಗುಲಲ್ಲಿ ಒಂದು ಮೋರಿ. ಸೈಕಲ್ ಹ್ಯಾಂಡಲುಗಳಿಗೆ ಹೊಳಪು ಬರಿಸುವ ಷೆಡ್ಡೊಂದು ಮೇಲುಗಡೆ ಹೊಸದಾಗಿ ಎದ್ದಿತ್ತು; ಕಬ್ಬಿಣವನ್ನು ಆಸಿಡ್ಡಿನಲ್ಲಿ ಅದ್ದಿ ತೊಳೆದ ನೀರೆಲ್ಲ ಈ ಮೋರಿಗೆ ಬರುತ್ತಿತ್ತು, ಮಳೆ ಬಂದರೆ ಮೋರಿ ಉಕ್ಕಿ ಹೊಲವೆಲ್ಲ ಹರಿಯುತ್ತಿತ್ತು. ಮೋರಿಯ ಪಕ್ಕದಲ್ಲಿ ಪಾರ್ಥೇನಿಯಂ ಒಂದೂ ಇರಲಿಲ್ಲ. ಬರೀ ಬಡಕಲು ಅವರೆ. ಮುನಿಯಪ್ಪ ಅಲ್ಲಿಂದ ಒಂದು ಗಿಡ ಕಿತ್ತು ಬೇರು ತೋರಿಸಿದ. ನಯವಾದ ಬೇರು, ಒಂದು ಗಂಟೂ ಇಲ್ಲ. ಆಮೇಲೆ ಒಂದು ಹೆಂಟೆ ಎತ್ತಿ ನನ್ನ ಮೂಗಿನ ಹತ್ತಿರ ಹಿಡಿದ.

"ಷೆಡ್ಡಿನ ನೀರು ಬಂದಾಗ್ಲಿಂದ ಹಿಂಗೇಯ ಸ್ವಾಮಿ. ಮೊದ್ಲ ಮಳೆ ಬಿದ್ರೂ ಮಣ್ಣು ಗಮ್ಮನ್ನಲ್ಲ. ಮೂಸಿ ನೋಡಿ."

"ಮಣ್ಣೇನು ಮಲ್ಲಿಗೆ ಹೂವೇನಯ್ಯ, ಮೂಸಿ ನೋಡೋಕೆ?"

ಜವಾನ ಕಿಸಕ್ಕೆಂದು ನಕ್ಕ. ಮುನಿಯಪ್ಪ ಕೈ ಇಳಿಸಿದ. ಬದುವಿನ ಮೇಲೆ ಕೂತಿದ್ದ ಅವನ ಹೆಂಡತಿ ಅಕ್ಕಯಮ್ಮ ಮುಖ ತಿರುಗಿಸಿಕೊಂಡಳು.

ಮೊದಲ ಮಳೆಯ ಆ ವಾಸನೆ ಮಣ್ಣಿನೊಳಗಿನ ಜೀವಾಣುಗಳಿಂದ ಬರುತ್ತದೆ. ಇದು ನನಗೆ ಗೊತ್ತಿತ್ತು. ಕಿರಿಯರಿಗೆ ಪಾಠ ಮಾಡಿದ್ದವನು ನಾನು. ತನ್ನ ಮಣ್ಣು ಸತ್ತಿದೆ ಎಂದು ಅವನು ನನಗಿಂತ ಮೊದಲೇ, ನನಗಿಂತ ಚೆನ್ನಾಗಿ, ಬರೀ ಮೂಗಿನಿಂದ ಕಂಡುಕೊಂಡಿದ್ದ. ಓದಿದವನಿಗೆ ಅದನ್ನು ಒಪ್ಪಿಕೊಳ್ಳುವುದೆಂದರೆ —

ಒಂದು ಚೀಲ ಮಣ್ಣನ್ನು ಕಳೆಯ ಬುಡದಿಂದ ತೆಗೆದೆ, ಇನ್ನೊಂದನ್ನು ಮೋರಿಯ ಪಕ್ಕದಿಂದ. ಹೊಲದ ನಾಲ್ಕಾರು ಕಡೆಯ ಮಣ್ಣನ್ನು ಬೆರೆಸಿ ಪರೀಕ್ಷಿಸಬೇಕೆಂಬುದು ನಮ್ಮ ಕೆಲಸದ ಮೊದಲ ಪಾಠ. ನಾನು ಬೆರೆಸಲಿಲ್ಲ. ಎರಡನೆಯ ಚೀಲದ ಮಣ್ಣನ್ನು ನೀರಿಗೆ ಹಾಕಿ ನೀಲಿ ಲಿಟ್ಮಸ್ ಅದ್ದಿದೆ, ತಕ್ಷಣ ಕೆಂಪಾಯಿತು — ಆಸಿಡ್ಡಿನ ಹುಳಿ. ಜೀವಾಣು ಬೆಳೆಸುವ ಗಾಜಿನ ತಟ್ಟೆಯಲ್ಲಿ ವಾರ ಕಳೆದರೂ ಒಂದು ಚುಕ್ಕೆ ಏಳಲಿಲ್ಲ. ಕಳೆಯೇ ಇಲ್ಲದ ಜಾಗದಲ್ಲಿ ಮಣ್ಣು ಸತ್ತಿದ್ದರೆ ಕೊಂದದ್ದು ಕಳೆಯಲ್ಲ. ಷೆಡ್ಡಿನ ನೀರು ಹರಿದು ಬೆಳೆ ಸೊರಗಿದ ಕಡೆ ಕಳೆ ಬಂದು ಕೂತಿತ್ತು. ಅದು ಮಾಡಿದ ಹಾನಿ ಉಳಿದದ್ದನ್ನು ಕೆಡಿಸಿದ್ದು, ಅಷ್ಟೇ. ಇದು ಶಾಲೆಯ ಹುಡುಗನಿಗೂ ಹೊಳೆಯುವಂಥದ್ದು. ನನಗೂ ಹೊಳೆಯಿತು.

ಎರಡನೆಯ ಚೀಲವನ್ನು ಒಪ್ಪಿದ್ದರೆ ನನ್ನ ಪ್ರಬಂಧವೇನೂ ಸುಳ್ಳಾಗುತ್ತಿರಲಿಲ್ಲ. ಸ್ವಲ್ಪ ಚಿಕ್ಕದಾಗುತ್ತಿತ್ತು. ಆ ಸ್ವಲ್ಪವನ್ನೂ ಬಿಟ್ಟುಕೊಡಲಾರದಷ್ಟು ಕ್ಷುಲ್ಲಕ ಮನುಷ್ಯ ನಾನು. ಮೊದಲ ಚೀಲದಲ್ಲೂ ಹುಳಿಯ ಅಂಶವಿತ್ತು — 'ಸಾಧಾರಣ' ಎಂದು ಬರೆದೆ. ಬೆಳೆ ಹಾಳಾಗಲು ಕಳೆಯೇ ಕಾರಣ, ರೈತನ ಅಲಕ್ಷ್ಯವೂ ಕಾರಣ; ಹೂ ಬಿಡುವ ಮೊದಲೇ ಕೈಯಿಂದ ಬೇರುಸಹಿತ ಕಿತ್ತು ಹಾಕತಕ್ಕದ್ದು ಎಂದು ವರದಿ ಕೊಟ್ಟೆ. 'ಕಿತ್ತು ಹಾಕತಕ್ಕದ್ದು'! ಕುಂಡದ ಗಿಡಗಳನ್ನು ಮುಟ್ಟಿದಾಗಲೆಲ್ಲ ನನ್ನ ಮುಂಗೈ ತುರಿಸಿ ದದ್ದು ಏಳುತ್ತಿತ್ತು. ನಾನು ಸೋಪು ಹಾಕಿ ತೊಳೆದುಕೊಳ್ಳುತ್ತಿದ್ದೆ. ವರದಿಯಲ್ಲಿ ಆ ಮಾತನ್ನು ಬರೆಯಲಿಲ್ಲ. ಪ್ರಬಂಧಕ್ಕೆ ಅದು ಬೇಕಿರಲಿಲ್ಲವಲ್ಲ.

ಷೆಡ್ಡಿನ ಯಜಮಾನ ನನ್ನ ವರದಿಯ ನಕಲು ತರಿಸಿಕೊಂಡನೆಂದು ಆಮೇಲೆ ತಿಳಿಯಿತು. ಮುನಿಯಪ್ಪ ಹೋಗಿ ಕೇಳಿದಾಗಲೆಲ್ಲ ಅದನ್ನೇ ತೋರಿಸುತ್ತಿದ್ದನಂತೆ. ಮೋರಿ ಇದ್ದ ಕಡೆಯೇ ಇತ್ತು.

ನಾಲ್ಕು ವರ್ಷದ ಮೇಲೆ ಬೇರೆ ಕೆಲಸಕ್ಕೆ ಆ ಕಡೆ ಹೋದವನು ಅವರ ಮನೆಗೂ ಹೋದೆ. ನನ್ನ ಸಲಹೆ ಫಲ ಕೊಟ್ಟಿರಬೇಕೆಂದು ಎಲ್ಲೋ ಒಳಗೆ ಆಸೆಯಿತ್ತು — ಅಷ್ಟು ಲಜ್ಜೆಗೇಡಿ. ಹೊಲ ಷೆಡ್ಡಿನವನ ಪಾಲಾಗಿತ್ತು. ಮುನಿಯಪ್ಪ ಅದೇ ಷೆಡ್ಡಿನ ಗೇಟು ಕಾಯುತ್ತಿದ್ದ. ಮನೆಯಲ್ಲಿದ್ದವಳು ಅಕ್ಕಯಮ್ಮ ಒಬ್ಬಳೇ. ರೆಪ್ಪೆ ಊದಿ ಕಣ್ಣು ಮುಚ್ಚಿಹೋಗಿದ್ದವು, ಕೈಯ ಚರ್ಮ ಕಪ್ಪಾಗಿ ದಪ್ಪಗಾಗಿ ಬಿರಿದಿತ್ತು, ಬಿರುಕಿನಲ್ಲಿ ರಸಿಗೆ. ದನಿಯಿಂದ ಗುರುತು ಹಿಡಿದು ಎದ್ದು ನಿಂತಳು. ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ನೀವು ಹೇಳ್ದಂಗೆ ಒಂದೂ ಬಿಡ್ದೆ ಕಿತ್ವಿ ಸ್ವಾಮಿ, ಮೂರು ವರ್ಸ. ಆದ್ರೂ ಬೆಳೆ ಬರ್ಲಿಲ್ಲ. ನಮ್ದೇ ಏನೋ ತಪ್ಪಾಗದೆ."

ತಪ್ಪು ನಿಮ್ಮದಲ್ಲ ಎನ್ನಲು ಎಷ್ಟು ಹೊತ್ತು ಬೇಕು? ನಾನು ಅವಳು ಕೊಟ್ಟ ಮಜ್ಜಿಗೆ ಕುಡಿದೆ. ಆಸ್ಪತ್ರೆಗೆ ತೋರಿಸಮ್ಮ ಎಂದೆ. ಸೈಕಲ್ ಹತ್ತಿದೆ.

ಮುನಿಯಪ್ಪ ತೀರಿಹೋಗಿ ಬಹಳ ಕಾಲವಾಯಿತು. ಅಕ್ಕಯಮ್ಮ ಬೇಗೂರಿನ ಮಗಳ ಮನೆಯಲ್ಲಿದ್ದಾಳೆಂದು ಕೇಳಿದ್ದೇನೆ. ಈಗಲೂ ಬಿಸಿಲಿಗೆ ಹೋದರೆ ಮುಖ ಊದುತ್ತದಂತೆ. ಎರಡನೆಯ ಚೀಲದ ಪರೀಕ್ಷೆಯನ್ನು ಬರೆದಿಟ್ಟ ಹಾಳೆ ನನ್ನ ಬಳಿ ಇದೆ — ಹರಿದು ಹಾಕುವಷ್ಟು ಧೈರ್ಯವೂ ನನಗಿರಲಿಲ್ಲ. ನಾಳೆ ಅದನ್ನು ತೆಗೆದುಕೊಂಡು ಹೋಗುತ್ತೇನೆ. ಅವಳಿಗೆ ಓದು ಬರುವುದಿಲ್ಲ. ಮೊಮ್ಮಕ್ಕಳ ಕೈಗೆ ಕೊಟ್ಟು ಓದಿಸಿ, ನಾನು ಹೊಸಲಿನಾಚೆ ತಲೆ ತಗ್ಗಿಸಿ ನಿಲ್ಲಬಹುದು, ಅದು ಸುಲಭ. ಇಲ್ಲ — ಅವಳ ಎದುರು ಕೂತು, ಒಂದೊಂದು ಸಾಲನ್ನೂ ನಾನೇ ಓದಿ ಹೇಳುತ್ತೇನೆ.